ಪಾದಯಾತ್ರೆಗೆ ಹೊಂಟ ಟ್ರಾಲಿ, ಅದರ ವೈರು, ಅದರ ಲೈಟು



ಯುಗಾದಿಗೆ ಇನ್ನ ಒಂದು ತಿಂಗಳು ಉಳದದ. ಹೋದ ವರ್ಷ 2025ರಾಗ ಮಾರ್ಚ್ 30ಕ್ಕೆ ಇತ್ತು, ಈ ಸಲ ಮಾರ್ಚ್ 19ಕ್ಕೇ ಬಂದದ. ಹತ್ತಿ ಬಿಡಿಸೋದು ಮುಗದದ, ತೊಗರಿ ರಾಶಿ ಮನಿ ಸೇರ್ಯಾದ, ಟ್ರಾಲಿಗಳು ಖಾಲಿ ನಿಂತಾವ. ಶಹಾಪುರ, ಸುರಪುರ, ಯಾದಗಿರಿ ಕಡೆ ಊರೂರಿನಾಗ ಶ್ರೀಶೈಲ ಪಾದಯಾತ್ರೆ ತಯಾರಿ ಸುರು ಆಗೇದ. ಭ್ರಮರಾಂಬೆ ನಮ್ಮ ಮನಿ ಮಗಳು ಅಂತ ಸೀರಿ, ಬಳಿ, ಅರಿಷಿಣ ಕುಂಕುಮ ಕಟ್ಟಿಕೊಂಡು ಹೊಂಡ್ತೀವಿ. ನಡೆಯೋರ ಕೂಡ ಒಂದು ಟ್ರ್ಯಾಕ್ಟರ್ ಟ್ರಾಲಿ ಇರಲೇಬೇಕು. ಟ್ರಾಲಿಗೆ ಪೈಪ್ ಬಗ್ಗಿಸಿ ಕಮಾನು ನಿಲ್ಲಿಸಿ, ಮ್ಯಾಲ ತಾಡಪತ್ರಿ ಬಿಗಿದು, ಒಳಗ ರೊಟ್ಟಿ ಗಂಟು, ಅಕ್ಕಿ ಬ್ಯಾಳಿ, ನೀರಿನ ಡ್ರಮ್ಮು, ಗ್ಯಾಸು, ಹಾಸಿಗಿ ಇಟ್ರ ಎಂಟತ್ತು ದಿನ ಅದೇ ನಮ್ಮ ಮನಿ. ಬ್ಯಾರೆ ದೇಶದಾಗ ಇಂಥದ್ದಕ್ಕ ಕ್ಯಾಂಪರ್ ಟ್ರೇಲರ್ ಅಂತ ಹೆಸರಿಟ್ಟು ಲಕ್ಷಗಟ್ಟಲೆ ರೊಕ್ಕಕ್ಕ ಮಾರ್ತಾರಂತ. ನಮ್ಮದು ತಾಡಪತ್ರಿ ಕ್ಯಾಂಪರ್.

ಸಾಮಾನಿನ ಪಟ್ಟಿ ಎಲ್ಲಾರೂ ಬರೀತಾರ. ಎಷ್ಟು ಕಿಲೋ ಅಕ್ಕಿ, ಎಷ್ಟು ಮೆಣಸಿನಕಾಯಿ, ಯಾರ ಮನಿಯಿಂದ ಎಷ್ಟು ರೊಟ್ಟಿ ಎಲ್ಲಾ ಬರ್ಕೊಂತಾರ. ವೈರಿಂದು ಮಾತ್ರ ಯಾರೂ ಬರ್ಕೊಳ್ಳೋದಿಲ್ಲ. ಹಿಂಗಾಗಿ ಈ ಸಲ ಬೆಳಿ ಬಗ್ಗೆ ಬಿಟ್ಟು ಟ್ರಾಲಿ ಕರೆಂಟಿನ ಬಗ್ಗೆ ಬರೀಲಕತ್ತೀನಿ. ಹತ್ತಿ, ಭತ್ತ ಹೊರೋ ಟ್ರಾಲಿಗೂ ಇದೇ ಲೆಕ್ಕ ಹೊಂದ್ತದ. ಸ್ವಲ್ಪ ಉದ್ದ ಅದ, ಪುರಸೊತ್ತು ಮಾಡ್ಕೊಂಡು ಓದ್ರಿ.

ಮೊದಲು ಯಾಕ ಇಷ್ಟು ತಲಿ ಕೆಡಿಸ್ಕೋಬೇಕು ಅನ್ನೋದು ಹೇಳ್ತೀನಿ. ಮಾರ್ಚ್ ಬಿಸಿಲಿನಾಗ ಹಗಲು ನಡಿಲಿಕ್ಕೆ ಆಗೋದಿಲ್ಲ. ನಸುಕಿನ ಮೂರು ಗಂಟಿಗೆ ಎದ್ದು ಹೊಂಡ್ತಾರ, ಬಿಸಿಲೇರಿದ ಮ್ಯಾಲ ನೆರಳಿಗೆ ಕೂಡ್ತಾರ, ಮತ್ತ ಹೊತ್ತು ಮುಳುಗಿದ ಮ್ಯಾಲ ನಡಿತಾರ. ಅಂದ್ರ ಅರ್ಧ ದಾರಿ ಕತ್ತಲದಾಗೇ ಸಾಗ್ತದ. ಹತ್ತಿಗೂಡೂರು, ಕೊಳ್ಳೂರು ಸೇತುವೆ, ದೇವದುರ್ಗ, ರಾಯಚೂರು, ಆಮ್ಯಾಲ ಕರ್ನೂಲು, ಆತ್ಮಕೂರು. ಎಲ್ಲಾ ಲಾರಿ ಓಡೋ ರಸ್ತೆಗಳು. ಟ್ರ್ಯಾಕ್ಟರ್ ಎಲ್ಲಾರಕಿಂತ ಹಿಂದ, ನಡಿಗೆ ಲೆಕ್ಕದಾಗ ಬರ್ತದ. ಮುಂದ ಮಲ್ಲಯ್ಯನ ಹಾಡು ಹೇಳ್ತಾ ನಡೆಯೋ ನಮ್ಮ ಹೆಣ್ಮಕ್ಕಳಿಗೂ, ಹಿಂದಿನಿಂದ ಬರೋ ಲಾರಿಗೂ ನಡುವ ಇರೋದು ಟ್ರಾಲಿ ಹಿಂದಿನ ಎರಡು ಕೆಂಪು ಲೈಟು ಅಷ್ಟೇ. ನನ್ನ ಹೆಂಡತಿ ನಾಲ್ಕು ವರ್ಷದಿಂದ ನಡಿತಾಳ. ಅದಕ್ಕ ಈ ಲೈಟಿನ ಮ್ಯಾಲ ನನಗ ಜಾಸ್ತಿ ಕಾಳಜಿ.

ಇನ್ನೊಂದು ಕಾರಣ ಅದ. ಎರಡು ವರ್ಷದ ಹಿಂದ ನಮ್ಮ ಕಡೆ ಬೀದರ್–ಶ್ರೀರಂಗಪಟ್ಟಣ ರಸ್ತೆದಾಗ, ಭತ್ತದ ಸುಗ್ಗಿ ಕಾಲದಾಗ, ಪಂಕ್ಚರ್ ಆಗಿ ನಿಂತ ಟ್ರಾಲಿಗೆ ಹಿಂದಿನಿಂದ ಬೈಕ್ ಬಂದು ಬಡೀತು. ಹುಡುಗ ಪಕ್ಕದ ಊರಿನವ, ಇಪ್ಪತ್ತೆರಡು ವಯಸ್ಸು. ಉಳಿಲಿಲ್ಲ. ಟ್ರ್ಯಾಕ್ಟರ್ ಹೊಡೆದವನು ನಮ್ಮ ಪರಿಚಯದ ರೈತ. ಸ್ಟೇಷನ್ನಿನಾಗ ಕೇಳಿದ್ದು ಒಂದೇ ಮಾತು: "ಹಿಂದಿನ ಲೈಟ್ ಹತ್ತಿತ್ತೇನು?" ಅವ ದೇವರಾಣೆ ಮಾಡಿ ಹೇಳಿದ, "ಕಣದಾಗ ಹಚ್ಚಿ ನೋಡೇ ಹೊಂಟೀನ್ರಿ, ಹತ್ತಿತ್ತು." ನೋಡಿದ ಮಂದಿ ಹೇಳಿದ್ರು, "ಕತ್ತಲ ಇತ್ತು, ಲೈಟ್ ಇರಲಿಲ್ಲ." ಊರಾಗ ಎಲ್ಲಾರೂ ಇವ ಸುಳ್ಳು ಹೇಳ್ತಾನ ಅಂದ್ರು.

ಆಮ್ಯಾಲ ಟ್ರಾಲಿ ಬಿಡಿಸ್ಕೊಂಡು ಬಂದಾಗ ಅವನೇ ನನ್ನ ಕರೆದು, "ಅಣ್ಣಾ, ನೀ ಒಂದು ಸಲ ನೋಡು, ನಾ ಸುಳ್ಳು ಹೇಳಿಲ್ಲ" ಅಂದ. ನೋಡಿದೆ. ಬಲ್ಬ್ ಸರಿ ಇತ್ತು, ಫ್ಯೂಸ್ ಸರಿ ಇತ್ತು, ಹೋಗೋ ವೈರು ಸರಿ ಇತ್ತು. ವಾಪಸ್ ಬರೋ ವೈರೇ ಇರಲಿಲ್ಲ. ಅವ ಹೇಳಿದ್ದೂ ಖರೆ, ಮಂದಿ ಹೇಳಿದ್ದೂ ಖರೆ. ಅದು ಹ್ಯಾಂಗ ಅಂತ ಈಗ ಹೇಳ್ತೀನಿ.

ವಾಪಸ್ ಬರೋ ದಾರಿ

ಬ್ಯಾಟರಿಯ ಪ್ಲಸ್‌ನಿಂದ ಹೊಂಟ ಕರೆಂಟು ಬಲ್ಬ್ ದಾಟಿ ಮೈನಸ್‌ಗೆ ವಾಪಸ್ ಬಂದ್ರೇನೇ ಲೈಟ್ ಹತ್ತೋದು. ಟ್ರ್ಯಾಕ್ಟರ್‌ನಾಗ ಮೈನಸ್ಸಿಗೆ ಬ್ಯಾರೆ ವೈರ್ ಎಳೆಯೋದಿಲ್ಲ, ಬಾಡಿ ಕಬ್ಬಿಣನೇ ವಾಪಸ್ ದಾರಿ. ಅದನ್ನೇ ಅರ್ಥಿಂಗ್ ಅಂತೀವಿ. ಆದರ ಟ್ರಾಲಿ ಬಾಡಿ ಬ್ಯಾರೆ, ಟ್ರ್ಯಾಕ್ಟರ್ ಬಾಡಿ ಬ್ಯಾರೆ. ಎರಡನ್ನೂ ಕೂಡಿಸೋದು ಹುಕ್ಕಿನ ಪಿನ್ ಒಂದೇ. ಆ ಪಿನ್ನಿಗೆ ನಾವು ಗ್ರೀಸ್ ಹಚ್ಚಿರ್ತೀವಿ, ಜಂಗ್ ಹಿಡದಿರ್ತದ, ಮಣ್ಣು ಮೆತ್ತಿರ್ತದ. ಟ್ರ್ಯಾಕ್ಟರ್ ಎಳೆಯುವಾಗ ಪಿನ್ ಬಿಗಿಯಾಗಿ ಕಬ್ಬಿಣಕ್ಕ ಒತ್ತಿ ನಿಲ್ತದ, ಅರ್ಥಿಂಗ್ ಸಿಗ್ತದ, ಲೈಟ್ ಹತ್ತತದ. ನಿಂತಾಗ, ಇಲ್ಲಾ ಜ್ಯಾಕ್ ಹಚ್ಚಿ ಟ್ರಾಲಿ ಸ್ವಲ್ಪ ಎತ್ತಿದಾಗ, ಪಿನ್ ಸಡಿಲ ಆಗ್ತದ, ಲೈಟ್ ಹೋಗ್ತದ. ಪಂಕ್ಚರ್ ಆಗಿ ನಿಂತ ಹೊತ್ತಿನಾಗೇ, ಅಂದ್ರ ಲೈಟ್ ಭಾಳ ಬೇಕಾದ ಹೊತ್ತಿನಾಗೇ, ಆ ಟ್ರಾಲಿದು ಹಂಗ ಆಗಿತ್ತು.

ಅದಕ್ಕ ಮೊದಲನೇ ಮಾತು: ಪಿನ್ ನಂಬಬೇಡ್ರಿ. ಟ್ರಾಲಿ ಚೇಸಿಸ್‌ನಿಂದ ಟ್ರ್ಯಾಕ್ಟರ್ ಬಾಡಿಗೆ ಬ್ಯಾರೆ ಅರ್ಥಿಂಗ್ ವೈರ್ ಇರಬೇಕು. 7 ಪಿನ್ ಸಾಕೆಟ್ ಇದ್ರ ಅದರಾಗ 3ನೇ ಪಿನ್ ಅರ್ಥಿಂಗ್‌ದು. ಸಾಕೆಟ್ ಬಿಚ್ಚಿ ನೋಡಿದ್ರ ಒಳಗ ನಂಬರ್ ಕೊರೆದಿರ್ತಾರ. ಬಣ್ಣ ನೋಡಿ ಜೋಡಿಸಬೇಡ್ರಿ. ನಮ್ಮ ಕಡೆ ಅಂಗಡ್ಯಾಗ ಯಾವ ವೈರ್ ಇತ್ತೋ ಅದನ್ನೇ ಹಾಕಿ ಕಳಿಸಿರ್ತಾರ, ಕೆಂಪು ವೈರೇ ಅರ್ಥಿಂಗ್ ಆಗಿರಬಹುದು. ಚೇಸಿಸ್‌ಗೆ ಕಚ್ಚಿಸೋ ಜಾಗದಾಗ ಪೇಂಟ್ ಪೂರಾ ಕೆರೆದು, ಕಬ್ಬಿಣ ಹೊಳೆಯುವಂಗ ತಿಕ್ಕಿ, ನಟ್ ಬಿಗಿದು, ಮ್ಯಾಲ ವ್ಯಾಸಲಿನ್ ಹಚ್ಚಬೇಕು. ಪೇಂಟಿನ ಮ್ಯಾಲ ನಟ್ ಬಿಗಿದ್ರ ಅರ್ಥಿಂಗ್ ಸಿಗೋದಿಲ್ಲ.

ಅರ್ಥಿಂಗ್ ಇಲ್ಲ ಅನ್ನೋದು ಟ್ರಾಲಿನೇ ತೋರಿಸ್ತದ. ಬ್ರೇಕ್ ತುಳಿದ್ರ ಇಂಡಿಕೇಟರ್ ಮಿಣುಕ್ತದ. ಇಂಡಿಕೇಟರ್ ಹಾಕಿದ್ರ ಹಿಂದಿನ ಲೈಟ್ ಕಣ್ಣು ಹೊಡೀತದ. ಬ್ರೇಕ್ ತುಳಿದಾಗ ಜಾಸ್ತಿ ಬೆಳಗೋದು ಬಿಟ್ಟು ಇದ್ದ ಬೆಳಕೂ ಕಮ್ಮಿ ಆಗ್ತದ. ಇದನ್ನ ನೋಡಿ ಭಾಳ ಮಂದಿ "ವೈರ್ ಅದಲ್ ಬದಲ್ ಆಗ್ಯಾವ" ಅಂತ ಎಲ್ಲಾ ಕಿತ್ತು ಮತ್ತ ಜೋಡಿಸ್ತಾರ. ಕಾಲುವಿ ನೀರು ಉಣಿಸೋರಿಗೆ ಇದು ತಿಳಿಯೋದು ಕಷ್ಟ ಅಲ್ಲ. ನಿಮ್ಮ ಹೊಲದ ಬಸಿಗಾಲುವಿ ಮುಚ್ಚಿದ್ರ ನೀರು ಬದು ಹಾರಿ ಪಕ್ಕದ ಹೊಲಕ್ಕ ನುಗ್ತದ ಅಲ್ಲ? ಹಂಗೇ ಕರೆಂಟು. ತನ್ನ ದಾರಿ ಮುಚ್ಚಿದ್ರ ಪಕ್ಕದ ಬಲ್ಬ್ ಹಾಯ್ದು ಹೊರಗ ಹೋಗಲಿಕ್ಕೆ ನೋಡ್ತದ. ಹಿಂಗ ಕಂಡ್ರ ಮೊದಲು ಅರ್ಥಿಂಗ್ ನೋಡ್ರಿ, ಹತ್ತರಾಗ ಎಂಟು ಸಲ ಅಲ್ಲೇ ಸಿಗ್ತದ. ಈ ಲೆಕ್ಕ ಯಾವ ಪುಸ್ತಕದ್ದೂ ಅಲ್ಲ, ನಮ್ಮ ಕಡೆ ಟ್ರಾಲಿ ನೋಡಿ ನೋಡಿ ನಾ ಹೇಳೋದು.

ಟೆಸ್ಟ್ ಲ್ಯಾಂಪು

ಫಾಲ್ಟ್ ಹುಡುಕಲಿಕ್ಕೆ ದೊಡ್ಡ ಸಾಮಾನು ಬ್ಯಾಡ. ಹಳೆ ಇಂಡಿಕೇಟರ್ ಬಲ್ಬ್, ಅದರ ಹೋಲ್ಡರ್, ಎರಡು ಮಾರು ವೈರು, ಒಂದು ತುದಿಗೆ ಕ್ಲಿಪ್, ಇನ್ನೊಂದು ತುದಿಗೆ ದಬ್ಬಣದಂಥ ಚೂಪಾದ ಮೊಳಿ. ಇದೇ ಟೆಸ್ಟ್ ಲ್ಯಾಂಪು. ಕ್ಲಿಪ್ಪನ್ನ ಬ್ಯಾಟರಿ ಮೈನಸ್‌ಗೆ ಕಚ್ಚಿಸಿ, ಮೊಳಿ ಒಂದೊಂದೇ ಜಾಗಕ್ಕ ಮುಟ್ಟಿಸ್ತಾ ಹೋಗ್ರಿ. ಫ್ಯೂಸಿನ ಈ ಕಡೆ, ಆ ಕಡೆ, ಸ್ವಿಚ್ಚು, ಸಾಕೆಟ್ಟು, ಕೊನೆಗೆ ಬಲ್ಬಿನ ಹೋಲ್ಡರ್. ಎಲ್ಲಿ ತನಕ ಹತ್ತಿತೋ ಅಲ್ಲಿ ತನಕ ಕರೆಂಟ್ ಬಂದದ. ಎಲ್ಲಿ ಹತ್ತಲಿಲ್ಲೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವ ಫಾಲ್ಟ್ ಅದ. ಕಾಲುವಿ ಎಲ್ಲಿ ಒಡದದ ಅಂತ ಗೇಟಿನಿಂದ ಗೇಟಿಗೆ ನಡೆದು ನೋಡಿದಂಗ. ಹೋಲ್ಡರ್ ತನಕ ಕರೆಂಟ್ ಬಂದು, ಹೊಸ ಬಲ್ಬ್ ಹಾಕಿದ್ರೂ ಹತ್ತಲಿಲ್ಲ ಅಂದ್ರ ವಾಪಸ್ ದಾರಿನೇ ಕೆಟ್ಟದ.

ಈಗಿನ ಹುಡುಗರ ಹತ್ರ ಮೀಟರ್ ಇರ್ತದ. ಮೀಟರ್ ಛಲೋನೇ, ಆದರ ಅದರಾಗ ಒಂದು ಮೋಸ ಅದ. ಹತ್ತು ಎಳಿ ವೈರಿನಾಗ ಒಂಬತ್ತು ಹರಿದು ಒಂದೇ ಎಳಿ ಉಳಿದಿದ್ರೂ ಮೀಟರ್ 12 ವೋಲ್ಟ್ ತೋರಿಸ್ತದ. ಯಾಕಂದ್ರ ಮೀಟರ್ ಕರೆಂಟು ಕುಡಿಯೋದೇ ಇಲ್ಲ ಅನ್ನುವಷ್ಟು ಕಮ್ಮಿ. ಬಲ್ಬ್ ಹಾಕಿದ ಕೂಡಲೇ ಸತ್ತು ಹೋಗ್ತದ. ಹಿಂಗಾಗಿ ಮೀಟರ್ ಹಿಡಿಯುವಾಗ ಲೈಟ್ ಹಚ್ಚೇ ಹಿಡೀರಿ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಟ್ರಾಲಿ ಬಲ್ಬಿನ ಅರ್ಥಿಂಗ್‌ಗೆ. ಅರ್ಧ ವೋಲ್ಟಿಗಿಂತ ಕಮ್ಮಿ ತೋರಿಸಿದ್ರ ಸರಿ. ಎರಡು ಮೂರು ವೋಲ್ಟ್ ತೋರಿಸಿದ್ರ ಅಷ್ಟೂ ಬೆಳಕು ಜಂಗಿನಾಗೇ ಹೋಗ್ಲಕತ್ತದ ಅಂತ ತಿಳೀರಿ.

ಟೇಲೆಂಡ್ ಲೆಕ್ಕ

ನಾರಾಯಣಪುರ ಎಡದಂಡೆ ಕಾಲುವಿ ಟೇಲೆಂಡ್‌ನಾಗ ಹೊಲ ಇದ್ದವರಿಗೆ ಇದನ್ನ ನಾ ಹೇಳಿಕೊಡಬೇಕಾಗಿಲ್ಲ. ಗೇಟಿನ ಹತ್ರ ನೀರು ತುಂಬಿ ಹರಿತದ, ಕೊನೆಗೆ ಬರೋದ್ರಾಗ ಪಾದ ಮುಳುಗುವಷ್ಟೂ ಇರೋದಿಲ್ಲ. ಟ್ರಾಲಿ ಹಿಂದಿನ ಲೈಟು ಅಂದ್ರ ವೈರಿನ ಟೇಲೆಂಡ್. ತೆಳ್ಳಗಿನ ವೈರಿನಾಗ ಕರೆಂಟು ದಾರ್ಯಾಗೇ ಸೋರ್ತದ, ಸೋರಿದ್ದು ಬಿಸಿ ಆಗಿ ಹೋಗ್ತದ.

ಎಸ್ಸೆಸ್ಸೆಲ್ಸಿಯಾಗ ಓಮ್‌ನ ನಿಯಮ ಬಾಯಿಪಾಠ ಮಾಡಿದ್ವಿ, ಎದಕ್ಕ ಬೇಕು ಅಂತ ಆವಾಗ ತಿಳಿದಿರಲಿಲ್ಲ. ಇಲ್ಲಿ ಬೇಕಾಗ್ತದ ನೋಡ್ರಿ. ಹೋಗಿ ಬರೋ ವೈರು ಕೂಡಿ 12 ಮೀಟರ್, ಅದರಾಗ 10 ಆಂಪಿಯರ್ ಕರೆಂಟ್ ಹರೀಲಕತ್ತದ ಅಂದ್ಕೊಳ್ರಿ. 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇದ್ರ ಸುಮಾರು 2 ವೋಲ್ಟ್ ದಾರ್ಯಾಗೇ ಹೋಗ್ತದ. 2.5 ಇದ್ರ 0.8 ವೋಲ್ಟ್. 6 ಇದ್ರ 0.35ರಷ್ಟು. ಬರೀ ಹಿಂದಿನ ಲೈಟಿಗೆ ಇಷ್ಟು ದಪ್ಪ ಬೇಕಾಗಿಲ್ಲ, 1.5 ಸಾಕು. ಆದರ ಪಾದಯಾತ್ರೆ ಟ್ರಾಲಿಯಾಗ ಒಂದು ಎರಡನೇ ಬ್ಯಾಟರಿ ಇಡ್ತಾರ, ಅದಕ್ಕ ಚಾರ್ಜ್ ಹೋಗೋ ವೈರಿಗೆ ಈ ಲೆಕ್ಕ ಪೂರಾ ಹೊಂದ್ತದ. ಡೈನಮೋದಿಂದ 14.2 ವೋಲ್ಟ್ ಹೊಂಟು, 2 ವೋಲ್ಟ್ ದಾರ್ಯಾಗ ಹೋದ್ರ ಕೊನೆಗೆ 12.2 ಮುಟ್ಟತದ. ಅಷ್ಟರಾಗ ಬ್ಯಾಟರಿ ಚಾರ್ಜ್ ಆಗೋದಿಲ್ಲ. "ದಿನವೆಲ್ಲ ಇಂಜಿನ್ ಓಡೇದ, ಬ್ಯಾಟರಿ ಮಾತ್ರ ತುಂಬವಲ್ದು" ಅನ್ನೋರು ಡೈನಮೋ ಬಿಚ್ಚೋ ಮೊದಲು ವೈರಿನ ದಪ್ಪ ನೋಡ್ರಿ.

ಹೆಂಗೂ ಮೀಟರ್ ಇದ್ರ ಈ ನಂಬರ್ ನೆನಪಿಟ್ಕೊಳ್ರಿ. ಇಂಜಿನ್ ಬಂದ್ ಮಾಡಿ ಎರಡು ಮೂರು ತಾಸು ಬಿಟ್ಟು ನೋಡಿದಾಗ 12.6 ಇದ್ರ ಬ್ಯಾಟರಿ ತುಂಬ್ಯಾದ, 12.2 ಇದ್ರ ಅರ್ಧ ಆಗೇದ, 12ರ ಕೆಳಗ ಇಳಿದ್ರ ತಳ ಕಾಣ್ಲಕತ್ತದ. ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು. 13ರ ಕೆಳಗ ಇದ್ರ ಚಾರ್ಜ್ ಆಗವಲ್ದು. 15 ದಾಟಿದ್ರ ಕಟೌಟ್ ಕೆಟ್ಟದ, ಬ್ಯಾಟರಿ ಕುದ್ದು ಹೋಗ್ತದ.

ಇಪ್ಪತ್ತು ಮೊಬೈಲು

ಹೋದ ವರ್ಷ ನಮ್ಮ ಊರಿನ ಹುಡುಗರು ಟ್ರಾಲಿಯಾಗ ಒಂದು ಸಣ್ಣ ಇನ್ವರ್ಟರ್ ಕೂಡಿಸಿ, ಚಾರ್ಜಿಂಗ್ ಬೋರ್ಡ್ ಮಾಡಿ, ಟ್ರ್ಯಾಕ್ಟರ್ ಬ್ಯಾಟರಿಗೇ ಜೋಡಿಸಿದ್ರು. ಕರ್ನೂಲು ದಾಟಿ ಮೂರನೇ ವಸ್ತಿ. ನಸುಕಿನಾಗ ನಡೆಯೋರೆಲ್ಲ ಎದ್ದು ಸ್ನಾನ ಮಾಡಿ ನಿಂತಾರ, ಸೆಲ್ಫ್ ಟಕ್ ಅಂತದ, ತಿರುಗವಲ್ದು. ಇಳಿಜಾರು ಇಲ್ಲ. ಹದಿನೈದು ಮಂದಿ ದಬ್ಬಿ ಸುರು ಮಾಡಿದ್ವಿ.

"ಕಾಕಾ, ಬ್ಯಾಟರಿ ಹೋದ ವರ್ಷನೇ ಹಾಕಿಸ್ಯಾರ, ಅಂಗಡಿಯವ ಮೋಸ ಮಾಡ್ಯಾನ" ಅಂದ ಒಬ್ಬ ಹುಡುಗ.

"ತಮ್ಮಾ, ಅಂಗಡಿಯವನ್ನ ಬೈಯೋದು ಆಮ್ಯಾಲ. ಮೊದಲು ಲೆಕ್ಕ ಮಾಡೋಣ, ಪೆನ್ನು ತಗಿ" ಅಂದೆ.

ಲೆಕ್ಕ ಹಿಂಗದ. ವ್ಯಾಟ್‌ನ್ನ 12ರಿಂದ ಭಾಗಿಸಿದ್ರ ಆಂಪಿಯರ್. ಒಳಗ 7 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬ್, ಅಂದ್ರ 28 ವ್ಯಾಟ್, 2.3 ಆಂಪಿಯರ್. ರಾತ್ರಿ 8 ತಾಸು ಹತ್ತಿದ್ರ ಸುಮಾರು 19 ಆಂಪಿಯರ್-ಅವರ್. ಒಂದು ಮೊಬೈಲ್ ಪೂರಾ ತುಂಬಲಿಕ್ಕೆ, ಇನ್ವರ್ಟರಿನಾಗ ಚಾರ್ಜರಿನಾಗ ಹಾಳಾಗೋದು ಕೂಡಿ, 2 ಆಂಪಿಯರ್-ಅವರ್ ಹಿಡೀರಿ. ಇಪ್ಪತ್ತು ಮೊಬೈಲಿಗೆ 40. ಒಟ್ಟು 59. ಬ್ಯಾಟರಿ ಮ್ಯಾಲ ಬರೆದದ್ದು 88. ಹಂಗಾದ್ರ ಇನ್ನ 29 ಉಳೀತಲ್ಲ ಅಂತ ಅವ ಕೇಳಿದ. ಉಳಿತದ, ಆದರ ಸೆಲ್ಫ್ ಒಂದು ಕ್ಷಣಕ್ಕ ನೂರಾರು ಆಂಪಿಯರ್ ಕೇಳ್ತದ. ಅರ್ಧಕ್ಕಿಂತ ಕೆಳಗ ಇಳಿದ ಬ್ಯಾಟರಿ ಅದನ್ನ ಕೊಡಲಿಕ್ಕೆ ತ್ರಾಣ ಸಾಲದು. ಮ್ಯಾಲ ದಿನಾ ಹಂಗ ತಳ ತನಕ ಹಿಂಡಿದ್ರ ಟ್ರ್ಯಾಕ್ಟರ್ ಬ್ಯಾಟರಿ ಆಯುಷ್ಯನೇ ಮುಗಿತದ. ಸೆಲ್ಫ್ ಹೊಡಿಲಿಕ್ಕೆ ಮಾಡಿದ ಬ್ಯಾಟರಿ ಬ್ಯಾರೆ, ರಾತ್ರಿಯೆಲ್ಲ ಮನಿ ಬೆಳಗೋ ಇನ್ವರ್ಟರ್ ಬ್ಯಾಟರಿ ಬ್ಯಾರೆ.

ಹುಡುಗ ಲೆಕ್ಕ ನೋಡಿ ಸುಮ್ಮನಾದ. ಅವತ್ತಿನಿಂದ ರೂಢಿ ಬದಲಾತು. ಇಂಜಿನ್ ಓಡುವಾಗ ಮಾತ್ರ ಮೊಬೈಲ್ ಚಾರ್ಜಿಂಗ್, ರಾತ್ರಿ ಬೋರ್ಡ್ ಬಂದ್. ಈ ಸಲ ಹುಡುಗರು ಒಂದು ಹಳೆ ಇನ್ವರ್ಟರ್ ಬ್ಯಾಟರಿ ತರ್ತೀವಿ ಅಂದಾರ. ತರ್ರಿ, ಆದರ ಮೂರು ಮಾತು. ಒಂದು, ಎರಡೂ ಬ್ಯಾಟರಿ ನಡುವ ಒಂದು ದೊಡ್ಡ ಸ್ವಿಚ್ ಇಲ್ಲಾ ರಿಲೇ ಇರಬೇಕು. ಇಂಜಿನ್ ಓಡುವಾಗ ಕೂಡಬೇಕು, ಬಂದ್ ಆದಾಗ ಬಿಡಬೇಕು. ಇಲ್ಲಂದ್ರ ರಾತ್ರಿಯೆಲ್ಲ ಹಳೆದು ಹೊಸದನ್ನ ಕುಡೀತದ. ಎರಡು, ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು. ಎರಡೂ ಕಡೆ ಬ್ಯಾಟರಿ ಇದ್ದ ವೈರಿಗೆ ಎರಡೂ ತುದಿಗೆ ಫ್ಯೂಸ್. ಮೂರು, ಬ್ಯಾಟರಿ ಇಡೋ ಜಾಗ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬಿಡ್ತದ, ಕಿಡಿ ತಾಗಿದ್ರ ಸಿಡೀತದ. ತಾಡಪತ್ರಿ ಮುಚ್ಚಿದ ಟ್ರಾಲಿಯಾಗ ಗ್ಯಾಸ್ ಒಲಿ ಪಕ್ಕಕ್ಕ, ಹಾಸಿಗಿ ತಲಿದಿಂಬಿನ ಪಕ್ಕಕ್ಕ ಬ್ಯಾಟರಿ ಇಡಬೇಡ್ರಿ. ಹೊರಗಿನ ಕಡೆ ಕಬ್ಬಿಣದ ಡಬ್ಬಿ ಬಡಿಸಿ, ಗಾಳಿ ಆಡೋ ತೂತು ಬಿಟ್ಟು ಇಡ್ರಿ.

ಫ್ಯೂಸ್ ಹಾರೋದು

ಫ್ಯೂಸ್ ಹಾರ್ತದ ಅಂತ ಅದರಾಗ ದಪ್ಪ ತಾಮ್ರದ ತಂತಿ ಸುತ್ತೋದು ನಮ್ಮ ಕಡೆ ರೂಢಿ. ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತಿದ್ದೂ ನೋಡೀನಿ. ಫ್ಯೂಸ್ ಹಾರೋದು ಅಂದ್ರ ಎಲ್ಲೋ ಪ್ಲಸ್ ವೈರು ಬಾಡಿಗೆ ಮುಟ್ಟಿ ಶಾರ್ಟ್ ಆಗೇದ ಅಂತ. ಫ್ಯೂಸ್ ಸುಡದಂಗ ಮಾಡಿದ್ರ ವೈರ್ ಸುಡ್ತದ. ಅದರ ಮ್ಯಾಲ ಹತ್ತಿ ಇದ್ರ ಹತ್ತಿ, ಹಾಸಿಗಿ ಇದ್ರ ಹಾಸಿಗಿ.

ಮೊದಲು ಟ್ರಾಲಿ ಪ್ಲಗ್ ಕಿತ್ತು ನೋಡ್ರಿ. ಆವಾಗ ಫ್ಯೂಸ್ ನಿಂತ್ರ ಫಾಲ್ಟ್ ಟ್ರಾಲಿಯಾಗ ಅದ, ಆವಾಗಲೂ ಹಾರಿದ್ರ ಟ್ರ್ಯಾಕ್ಟರ್‌ನಾಗ ಅದ. ಅರ್ಧ ಹುಡುಕಾಟ ಮುಗೀತು. ಆಮ್ಯಾಲ ಒಂದೊಂದು ಫ್ಯೂಸ್ ಸುಡೋದು ಬಿಟ್ಟು, ಫ್ಯೂಸ್ ಜಾಗದಾಗ ಹಳೆ ಹೆಡ್‌ಲೈಟ್ ಬಲ್ಬ್ ಜೋಡಿಸ್ರಿ. ಶಾರ್ಟ್ ಇದ್ರ ಬಲ್ಬ್ ಝಗ್ ಅಂತ ಪೂರಾ ಹತ್ತತದ, ವೈರ್ ಮಾತ್ರ ಸುಡೋದಿಲ್ಲ. ಈಗ ಒಬ್ಬರು ಬಲ್ಬ್ ನೋಡ್ತಾ ನಿಲ್ರಿ, ಇನ್ನೊಬ್ಬರು ವೈರನ್ನ ಗೇಣು ಗೇಣು ಅಲುಗಾಡಿಸ್ತಾ ಹೋಗ್ರಿ. ಎಲ್ಲಿ ಅಲುಗಿಸಿದಾಗ ಬಲ್ಬ್ ಮಂದ ಆತೋ ಅಲ್ಲೇ ಶಾರ್ಟ್ ಅದ.

ಹೆಚ್ಚಾಗಿ ಸಿಗೋ ಜಾಗ ಇವು: ವೈರು ಚೇಸಿಸ್ ತೂತಿನಾಗ ಹಾಯೋ ಕಡೆ, ಹುಕ್ಕಿನ ಹತ್ರ ತಿರುವಿನಾಗ ಎಳೆದು ಹರಿಯೋ ಕಡೆ, ಡಾಲಾ ಎತ್ತಿ ಇಳಿಸೋ ಕಡೆ, ಆಮ್ಯಾಲ ಇಲಿ ಕಡಿದ ಕಡೆ. ತೂತು ಇದ್ದಲ್ಲಿ ಹಳೆ ಸೈಕಲ್ ಟ್ಯೂಬ್ ತುಂಡು ಸುತ್ರಿ. ಉದ್ದಕ್ಕೂ ಪಿವಿಸಿ ಪೈಪಿನಾಗ ವೈರ್ ಹಾಯಿಸ್ರಿ. ಬರೀ ಟೇಪ್ ಸುತ್ತಿದ ಜಾಯಿಂಟು ನಮ್ಮ ಬ್ಯಾಸಗಿ ಬಿಸಿಲಿಗೆ ಅಂಟು ಕರಗಿ ಬಿಚ್ಕೊಂತದ. ಬೆಸುಗಿ ಹಾಕಿಸಿ, ಮ್ಯಾಲ ಬಿಸಿ ಮಾಡಿದ್ರ ಬಿಗಿಯೋ ಸ್ಲೀವ್ ಹಾಕಿಸ್ರಿ. ಇನ್ನೊಂದು, ಗೊಬ್ಬರ. ಅದೇ ಟ್ರಾಲಿಯಾಗ ಯೂರಿಯಾ, ಪೊಟ್ಯಾಷ್ ಹೊತ್ತಿರ್ತೀವಿ. ಚೀಲದಿಂದ ಸೋರಿದ ಪುಡಿ ಒದ್ದಿ ಆದ್ರ ತಾಮ್ರ ತಿಂತದ, ಹೋಲ್ಡರಿನಾಗ ಹಸಿರು ಪುಡಿ ಕಟ್ತದ. ಗೊಬ್ಬರ ಇಳಿಸಿದ ಮ್ಯಾಲ ಟ್ರಾಲಿ ತೊಳೆಯುವಾಗ ಲೈಟಿನ ಹೋಲ್ಡರೂ ಒರೆಸ್ರಿ. ಬ್ಯಾಟರಿ ಟರ್ಮಿನಲ್ ಮ್ಯಾಲಿನ ಬಿಳಿ ಪುಡಿಗೆ ಬಿಸಿ ನೀರಾಗ ಅಡಗಿ ಸೋಡಾ ಕಲಸಿ ತೊಳೆದು, ಒಣಗಿಸಿ, ವ್ಯಾಸಲಿನ್ ಹಚ್ರಿ.

ಇಂಡಿಕೇಟರ್ ಭಾಳ ಜೋರಾಗಿ ಟಿಕ್ ಟಿಕ್ ಅಂದ್ರ ಒಂದು ಬಲ್ಬ್ ಹೋಗೇದ ಅಂತ ನೋಡ್ರಿ. ಬಲ್ಬ್ ತಗದು ಎಲ್‌ಇಡಿ ಹಾಕಿದವರಿಗೂ ಹಂಗೇ ಆಗ್ತದ. ಎಲ್‌ಇಡಿ ಕಮ್ಮಿ ಕರೆಂಟ್ ತಿಂತದ, ಹಳೆ ಫ್ಲಾಷರ್ ಅದನ್ನ ಬಲ್ಬ್ ಸುಟ್ಟದ ಅಂತ ತಿಳ್ಕೊಂತದ. ಎಲ್‌ಇಡಿಗೆ ಹೊಂದೋ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸಿದ್ರ ಸರಿ ಹೋಗ್ತದ.

ದೊಡ್ಡ ಕರೆಂಟು

ಇಲ್ಲಿ ತನಕ ಹೇಳಿದ್ದು 12 ವೋಲ್ಟಿಂದು, ಮುಟ್ಟಿದ್ರ ಜೀವಕ್ಕ ಅಪಾಯ ಇಲ್ಲ. ಇನ್ವರ್ಟರ್‌ನಿಂದ ಹೊರಗ ಬರೋದು 230. ಅದು ಮನಿ ಕರೆಂಟಿನಷ್ಟೇ ಕೊಲ್ತದ. ಟ್ರಾಲಿ ಅಂದ್ರ ಕಬ್ಬಿಣ, ನೀರಿನ ಡ್ರಮ್ ಪಕ್ಕಕ್ಕೇ ಇರ್ತದ, ಹೆಣ್ಮಕ್ಕಳ ಕೈ ಒದ್ದಿ ಇರ್ತಾವ. ಚಾರ್ಜಿಂಗ್ ಬೋರ್ಡು ಪ್ಲಾಸ್ಟಿಕ್‌ದು ಇರಲಿ, ಡ್ರಮ್ಮಿನಿಂದ ದೂರ, ಎತ್ತರದಾಗ ಇರಲಿ. ಆದ್ರ ಇನ್ವರ್ಟರೇ ಬ್ಯಾಡ, 12 ವೋಲ್ಟಿನಿಂದ ನೇರ ಮೊಬೈಲ್ ಚಾರ್ಜ್ ಮಾಡೋ ಯುಎಸ್‌ಬಿ ಸಾಕೆಟ್ ಸಿಗ್ತಾವ. ಕರೆಂಟೂ ಉಳಿತದ, ಜೀವಾನೂ ಉಳಿತದ.

ವಸ್ತಿ ಇದ್ದಲ್ಲಿ ಕಂಬಕ್ಕ ಕೊಂಡಿ ಹಾಕೋದು ಯಾವ ಕಾರಣಕ್ಕೂ ಬ್ಯಾಡ. ಇನ್ನ ಕಮಾನಿನ ಎತ್ತರ. ಹೊಲದ ದಾರಿಗಳಾಗ ತಂತಿ ಜೋತು ಬಿದ್ದಿರ್ತಾವ. ಹತ್ತಿ ಟ್ರಾಲಿ ಎತ್ತರ ಏರಿಸಿದಾಗ ಹ್ಯಾಂಗ ನೋಡ್ಕೊಂತೀವೋ, ಕಬ್ಬಿಣದ ಕಮಾನಿಗೂ ಹಂಗೇ ನೋಡ್ಕೊಳ್ರಿ. ನಮ್ಮ ಜಿಲ್ಲಾದಾಗ ಜೋತು ಬಿದ್ದ ತಂತಿ ಕಂಡ್ರ 1912ಕ್ಕೆ ಫೋನ್ ಹಚ್ಚಿ ಜಾಗ ಹೇಳ್ರಿ.

ನಿಂತಾಗ

"ರೇಡಿಯಂ ಹಚ್ಚಿದ್ರ ಸಾಕಲ್ಲ ಕಾಕಾ, ಲೈಟ್ ಯಾಕ?" ಅಂತ ಕೇಳೋರು ಇದ್ದಾರ. ರೇಡಿಯಂ ಪಟ್ಟಿ ಬೇಕೇ ಬೇಕು, ಬ್ಯಾಟರಿ ಸತ್ತಾಗಲೂ ಅದು ಕೆಲಸ ಮಾಡ್ತದ. ಆದರ ಅದು ತಾನಾಗಿ ಬೆಳಗೋದಿಲ್ಲ, ಹಿಂದಿನವನ ಲೈಟ್ ಬಿದ್ರ ಮಾತ್ರ ಹೊಳಿತದ. ಧೂಳು ಕೂತ್ರ, ಭತ್ತದ ಹುಲ್ಲು ಜೋತ್ರ, ತಾಡಪತ್ರಿ ಅಂಚು ಮುಚ್ಚಿದ್ರ ಅದೂ ಕಾಣೋದಿಲ್ಲ. ಟ್ರಾಲಿಗೆ ಹಿಂದಿನ ಕೆಂಪು ಲೈಟೂ ಬೇಕು, ರಿಫ್ಲೆಕ್ಟರೂ ಬೇಕು ಅಂತ ಮೋಟಾರು ವಾಹನ ನಿಯಮದಾಗೇ ಅದ. ಓಡೋ ಟ್ರಾಲಿಯಾಗ ಮಂದಿ ಕೂಡಿಸೋದು ಕಾನೂನಿಗೆ ವಿರುದ್ಧ, ಅದೂ ನೆನಪಿರಲಿ. ಕಾಲು ನೊಂದವರಿಗೆ ಬ್ಯಾರೆ ಗಾಡಿ ನೋಡ್ರಿ.

ಪಂಕ್ಚರ್ ಆದ್ರ ರಸ್ತೆ ಬಿಟ್ಟು ಪೂರಾ ಕೆಳಗ ಇಳಿಸ್ರಿ. ಟ್ಯೂಬ್ ಹೋದ್ರೂ ಹೋಗಲಿ. ನಾಲ್ಕೂ ಇಂಡಿಕೇಟರ್ ಹಾಕಿ ಬಿಟ್ರ 21 ವ್ಯಾಟಿನ ಹಳೆ ಬಲ್ಬ್ ತಾಸಿಗೆ ಸುಮಾರು 3.5 ಆಂಪಿಯರ್-ಅವರ್ ತಿಂತಾವ, ಹಳೆ ಬ್ಯಾಟರಿ ಬೆಳತನಕ ತಡಿಯೋದಿಲ್ಲ. ಅದಕ್ಕ ಹಿಂದಿನವು ಎಲ್‌ಇಡಿ ಇದ್ರ ಛಲೋ. ತ್ರಿಕೋನದ ರಿಫ್ಲೆಕ್ಟರ್ ಒಂದು ಟೂಲ್ ಬಾಕ್ಸಿನಾಗ ಇರಲಿ, ಐವತ್ತು ಹೆಜ್ಜಿ ಹಿಂದ ಇಡ್ರಿ. ಕಲ್ಲು ಇಟ್ಟಿದ್ರ ಹೊಂಡುವಾಗ ಕಲ್ಲು ತಗೀರಿ. ನಾವು ಬಿಟ್ಟು ಹೋದ ಕಲ್ಲಿಗೆ ಇನ್ನೊಬ್ಬರ ಮಗ ಬಡಿತಾನ.

ಕೊನೆಗೆ ಒಂದು ಪರೀಕ್ಷೆ. ಹಗಲಿನಾಗ, ಮನಿ ಮುಂದ, ಖಾಲಿ ಟ್ರಾಲಿ ನಿಲ್ಲಿಸಿ ಲೈಟ್ ನೋಡೋದು ಪರೀಕ್ಷೆ ಅಲ್ಲ. ಆ ರೈತನೂ ಹಂಗೇ ನೋಡಿ ಹೊಂಟಿದ್ದ. ಸಾಮಾನು ಪೂರಾ ಹೇರಿ, ಕತ್ತಲಾದ ಮ್ಯಾಲ, ತೆಗ್ಗು ಇದ್ದ ರಸ್ತೆದಾಗ ಎರಡು ಕಿಲೋಮೀಟರ್ ಓಡಿಸ್ರಿ. ಹಿಂದ ಒಬ್ಬರು ಬೈಕ್ ಮ್ಯಾಲ ಬಂದು ನೋಡಲಿ. ಬ್ರೇಕ್ ತುಳೀರಿ, ಎಡ ಬಲ ಇಂಡಿಕೇಟರ್ ಹಾಕ್ರಿ, ನಿಲ್ಲಿಸ್ರಿ, ಸ್ವಲ್ಪ ಹಿಂದ ತಗೊಳ್ರಿ, ಜ್ಯಾಕ್ ಹಚ್ಚಿ ಒಂದು ಗಾಲಿ ಎತ್ರಿ. ಎತ್ತಿದಾಗಲೂ ಲೈಟ್ ಹತ್ತಿದ್ರ ಅದು ಪಾಸ್.

ಆ ರೈತನ ಕೇಸು ಇನ್ನ ನಡದದ. ಈಗ ಅವನ ಟ್ರಾಲಿಗೆ ಬೆರಳು ದಪ್ಪದ ಅರ್ಥಿಂಗ್ ವೈರ್ ಅದ. ಹುಡುಗನ ತಾಯಿ ಈ ಸಲ ತಮ್ಮ ಊರಿನ ಗುಂಪಿನ ಕೂಡ ಶ್ರೀಶೈಲಕ್ಕ ನಡಿತಾಳಂತ ಕೇಳಿದೆ. ಆ ಗುಂಪಿನ ಟ್ರಾಲಿ ಯಾರದು ಅಂತ ವಿಚಾರಿಸ್ಲಕತ್ತೀನಿ, ಗೊತ್ತಿದ್ದವರು ತಿಳಿಸ್ರಿ.

ಹೋಳಿ ಹುಣ್ಣಿಮಿ ಒಳಗ ಎಲ್ಲಾರೂ ವೈರಿಂಗ್ ನೋಡಿಸ್ಕೊಳ್ರಿ. ನಾ ಐತಾರ ಮುಂಜಾನಿ ಮನ್ಯಾಗೇ ಇರ್ತೀನಿ. ಟ್ರಾಲಿ ತಗೊಂಡು ಬಂದ್ರ ಕೂಡೇ ಕುಂತು ನೋಡೋಣ, ರೊಕ್ಕ ಬ್ಯಾಡ. ಬರುವಾಗ ಎರಡು ಮಾರು ವೈರು, ಒಂದು ಹಳೆ ಬಲ್ಬ್ ತರ್ರಿ. ಹೋಗುವಾಗ ನಿಮ್ಮ ಟೆಸ್ಟ್ ಲ್ಯಾಂಪ್ ನೀವೇ ಮಾಡ್ಕೊಂಡು ಹೋಗ್ರಿ.